ಅಜ್ಜನ ಮಳೆ ಪುಸ್ತಕ, ನಮ್ಮ ಲ್ಯಾಬ್ ರೆಕಾರ್ಡ್

(ಕೊಡಗಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಉಪನ್ಯಾಸಕಿಯೊಬ್ಬರು ವರ್ಷದ ಆರಂಭದಲ್ಲಿ ಎರಡನೇ ಪಿಯುಸಿ ಮಕ್ಕಳಿಗೂ ಅವರ ಪೋಷಕರಿಗೂ ಆಡಿದ ಮಾತಿನ ಬರಹ ರೂಪ.)

ನಿಮ್ಮ ಮನೆಯಲ್ಲಿ ಮಳೆ ಅಳೆಯುವವರು ಯಾರಾದರೂ ಇದ್ದಾರಾ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಕೈಗಳು ಕಾಣುತ್ತಿವೆ. ಕೊಡಗಿನಲ್ಲಿ ಇದು ಆಶ್ಚರ್ಯವೇನಲ್ಲ. ತೋಟದ ಮನೆ ಅಂದರೆ ಅಂಗಳದ ಒಂದು ಮೂಲೆಯಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅದರ ನೀರನ್ನು ಅಳತೆ ಗಾಜಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುವವರು ಒಬ್ಬರು ಇರುತ್ತಾರೆ.

ನಮ್ಮ ಮನೆಯಲ್ಲಿ ಆ ಕೆಲಸ ಅಜ್ಜನದು. ಅವರು ತೀರಿಕೊಂಡ ಮೇಲೆ ಅವರ ಮಳೆ ಪುಸ್ತಕಗಳನ್ನು ಒಂದು ದಿನ ಕೂತು ತಿರುವಿ ಹಾಕಿದೆ. ಜುಲೈ ತಿಂಗಳ ಪುಟಗಳು ತುಂಬಿಹೋಗಿದ್ದವು. ಅದು ನಿರೀಕ್ಷೆ ಇದ್ದದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜನವರಿಯ ಪುಟಗಳು. ಸೊನ್ನೆ, ಸೊನ್ನೆ, ಸೊನ್ನೆ. ತಿಂಗಳಿಡೀ ಮಳೆ ಇಲ್ಲ. ಆದರೂ ಪ್ರತಿ ದಿನದ ಎದುರಿಗೆ ಒಂದು ಸೊನ್ನೆ. ಖಾಲಿ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ ಅಲ್ವಾ? ಒಂದು ಕಡೆ ಮಾತ್ರ ಸೊನ್ನೆಯೂ ಇಲ್ಲ, ಸಂಖ್ಯೆಯೂ ಇಲ್ಲ. 'ನೋಡಲಿಲ್ಲ. ಜ್ವರ' ಅಂತ ಬರೆದಿತ್ತು. ಅದು ಆಗಸ್ಟ್ ತಿಂಗಳು. ಹಿಂದಿನ ದಿನ ಎರಡು ಇಂಚು, ಮರುದಿನ ಎರಡೂವರೆ ಇಂಚು. ನಡುವಿನ ದಿನಕ್ಕೂ ಒಂದು ಅಂದಾಜು ಬರೆಯಬಹುದಿತ್ತು. ಅಜ್ಜ ಬರೆಯಲಿಲ್ಲ.

ಈ ವರ್ಷ ನನ್ನ ತರಗತಿಯಲ್ಲಿ ನಿಮ್ಮಿಂದ ನಾನು ಬಯಸುವುದು ಇದನ್ನೇ. ನೋಡಿದ್ದನ್ನು ಬರೆಯಿರಿ. ಏನೂ ಕಾಣದಿದ್ದರೆ ಕಾಣಲಿಲ್ಲ ಅಂತ ಬರೆಯಿರಿ. ನೋಡದಿದ್ದರೆ ನೋಡಲಿಲ್ಲ ಅಂತ ಬರೆಯಿರಿ. ನಾನು ಇವತ್ತು ಹೇಳುವ ನಿಯಮಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಪೋಷಕರು ಅದಕ್ಕೇ ಕಾಯುತ್ತಿರುತ್ತೀರಿ. ಜೀವಶಾಸ್ತ್ರಕ್ಕೆ ಒಟ್ಟು 100 ಅಂಕ. ಬರವಣಿಗೆ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಈಗ 13 ಅಧ್ಯಾಯಗಳಿವೆ. ಹೂ ಬಿಡುವ ಸಸ್ಯಗಳಿಂದ ಶುರುವಾಗಿ ಜೀವವೈವಿಧ್ಯದವರೆಗೆ. ಪರೀಕ್ಷೆಗೆ ಕೂರಬೇಕಾದರೆ ಹಾಜರಾತಿ ಶೇಕಡ 75 ಇರಲೇಬೇಕು. ಇದು ಮಂಡಳಿಯ ನಿಯಮ, ನಾನು ಸಡಿಲ ಮಾಡಲು ಬರುವುದಿಲ್ಲ. ಇಷ್ಟು ನೆನಪಿಟ್ಟರೆ ಸಾಕು.

ಈಗ ರೆಕಾರ್ಡ್ ಪುಸ್ತಕದ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದ ಮಾತಾಡುತ್ತೇನೆ.

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಪದ್ಧತಿ ಇತ್ತು. ಹಿಂದಿನ ವರ್ಷದವರ ರೆಕಾರ್ಡ್ ತರುವುದು. ಪಕ್ಕದಲ್ಲಿ ಇಟ್ಟುಕೊಂಡು ಒಂದೇ ರಾತ್ರಿ ಪೂರ್ತಿ ಪುಸ್ತಕ ಇಳಿಸುವುದು. ಚಿತ್ರ ಎಷ್ಟು ಅಂದವಾಗಿದೆ ಅನ್ನುವುದರ ಮೇಲೆ ಅಂಕ. ಈರುಳ್ಳಿ ಬೇರಿನ ತುದಿಯಲ್ಲಿ ಜೀವಕೋಶ ಒಡೆಯುವ ಚಿತ್ರಕ್ಕೆ ನನಗೆ ಪೂರ್ಣ ಅಂಕ ಸಿಕ್ಕಿತ್ತು. ನಾಲ್ಕೂ ಹಂತ ಬರೆದಿದ್ದೆ, ನೀಲಿ ಪೆನ್ಸಿಲ್‌ನಲ್ಲಿ ಬಣ್ಣ ತುಂಬಿದ್ದೆ. ಆದರೆ ಆವತ್ತು ಮೈಕ್ರೋಸ್ಕೋಪಿನಲ್ಲಿ ನನಗೆ ಕಂಡದ್ದು ಒಂದು ಗಾಳಿಗುಳ್ಳೆ ಮಾತ್ರ. ನಿಜವಾದ ಮೆಟಾಫೇಸ್ ಅನ್ನು, ಅಂದರೆ ಕ್ರೋಮೋಸೋಮುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತವನ್ನು, ನಾನು ಮೊದಲು ನೋಡಿದ್ದು ಎಂಎಸ್ಸಿಗೆ ಹೋದ ಮೇಲೆ. ಅದು ಪುಸ್ತಕದ ಚಿತ್ರದ ಹಾಗೆ ಇರಲೇ ಇಲ್ಲ. ಕ್ರೋಮೋಸೋಮುಗಳು ಸಾಲಾಗಿ ನಿಂತಿರಲಿಲ್ಲ, ಗಂಟು ಬಿದ್ದ ದಾರದ ಹಾಗೆ ಇದ್ದವು. ಎದುರಿಗೆ ಇದ್ದದ್ದೇ ಮೆಟಾಫೇಸ್ ಅಂತ ಗುರುತಿಸಲು ನನಗೆ ಆಗಲಿಲ್ಲ. ಅಷ್ಟು ಅಂದವಾಗಿ ಚಿತ್ರ ಬರೆದ ನನಗೇ. ಆ ದಿನದ ನೋವು ಇನ್ನೂ ನೆನಪಿದೆ. ನಿಮ್ಮಲ್ಲಿ ಯಾರಿಗೂ ಹಾಗೆ ಆಗಬಾರದು.

ಅದಕ್ಕೆ ನಮ್ಮಲ್ಲಿ ರೆಕಾರ್ಡಿಗೆ ಇರುವ ನಿಯಮ ಹೀಗೆ. ಲ್ಯಾಬಿನಲ್ಲಿ ಕೂತು, ಒಂದು ಕಣ್ಣು ಮೈಕ್ರೋಸ್ಕೋಪಿನಲ್ಲಿ ಇಟ್ಟು, ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಕಚ್ಚಾ ಪುಸ್ತಕಕ್ಕೆ ಬರೆಯಬೇಕು. ಸೊಟ್ಟ ಬಂದರೂ ಪರವಾಗಿಲ್ಲ. ಆ ಪುಟಕ್ಕೆ ನಾನು ಅವತ್ತೇ ಸಹಿ ಹಾಕುತ್ತೇನೆ. ಆಮೇಲೆ ಮನೆಯಲ್ಲಿ ನೀಟಾಗಿ ರೆಕಾರ್ಡಿಗೆ ಇಳಿಸಿ. ಎರಡೂ ಪುಸ್ತಕ ಒಟ್ಟಿಗೆ ತರಬೇಕು. ಕಚ್ಚಾ ಪುಟದಲ್ಲಿ ಇಲ್ಲದ್ದು ರೆಕಾರ್ಡಿನಲ್ಲಿ ಇದ್ದರೆ, ಅದು ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಪ್ರಯೋಗ ಕೆಟ್ಟರೆ ಕೆಟ್ಟಿದೆ ಅಂತ ಬರೆಯಿರಿ. ಯಾಕೆ ಕೆಟ್ಟಿರಬಹುದು ಅಂತ ಎರಡು ಸಾಲು ಸೇರಿಸಿ. ತರಗತಿಯ ಅಂಕದಲ್ಲಿ ಒಂದು ಅಂಕವೂ ಕಡಿಮೆ ಆಗುವುದಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. ಕೆಲವು ವರ್ಷದ ಹಿಂದೆ ನಡೆದದ್ದು ಹೇಳುತ್ತೇನೆ. ಪರಾಗರೇಣು ಮೊಳೆಯುವ ಪ್ರಯೋಗ ಮಾಡುತ್ತಿದ್ದೆವು. ಸಕ್ಕರೆ ದ್ರಾವಣದ ಒಂದು ಹನಿ, ಅದರ ಮೇಲೆ ಕರ್ಣಕುಂಡಲ ಹೂವಿನ ಪರಾಗ. ಅರ್ಧ ಗಂಟೆಯೊಳಗೆ ರೇಣುವಿನಿಂದ ಸಣ್ಣ ಕೊಳವೆ ಹೊರಡುವುದು ಕಾಣಬೇಕು. ನೂರಕ್ಕೆ ಎಷ್ಟು ಮೊಳೆತವು ಅಂತ ಎಣಿಸಿ ಬರೆಯಬೇಕು. ಎಲ್ಲರೂ ಬರೆದು ಕೊಟ್ಟರು. ಅರವತ್ತು, ಅರವತ್ತೈದು, ಎಪ್ಪತ್ತು. ಒಬ್ಬಳು ಮಾತ್ರ ಸೊನ್ನೆ ಬರೆದಿದ್ದಳು. ಕೊಡುವಾಗ ಅಳು ಮುಖ. 'ಮೇಡಂ, ನಂದು ಒಂದೂ ಮೊಳೀಲಿಲ್ಲ' ಅಂದಳು. ಅವಳ ಸ್ಲೈಡ್ ನೋಡಿದೆ. ನಿಜ, ಒಂದೂ ಇಲ್ಲ. ಪಕ್ಕದವನ ಸ್ಲೈಡ್ ನೋಡಿದೆ. ಅದರಲ್ಲೂ ಒಂದೂ ಇಲ್ಲ. ಇಡೀ ತರಗತಿಯ ಯಾವ ಸ್ಲೈಡಿನಲ್ಲೂ ಒಂದೇ ಒಂದು ಕೊಳವೆ ಇರಲಿಲ್ಲ. ಆಮೇಲೆ ಬಾಟಲಿ ನೋಡಿದರೆ, ಮೊದಲನೇ ಪಿಯುಸಿಯವರ ಪ್ರಯೋಗಕ್ಕೆ ಇಟ್ಟಿದ್ದ ಉಪ್ಪಿನ ನೀರನ್ನು ನಾನು ಕೊಟ್ಟುಬಿಟ್ಟಿದ್ದೆ. ತಪ್ಪು ನನ್ನದು. ಆ ತಪ್ಪು ಗೊತ್ತಾದದ್ದು ಒಂದು ಸೊನ್ನೆಯಿಂದ. ಅವಳೂ ಅರವತ್ತು ಅಂತ ಬರೆದಿದ್ದರೆ ನಾನು ಎಲ್ಲರಿಗೂ ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ.

ಉಳಿದ ಮಕ್ಕಳನ್ನು ನಾನು ಬೈಯಲಿಲ್ಲ. ಅವರು ಹಾಗೆ ಬರೆದದ್ದು ಯಾಕೆ? ಸೊನ್ನೆ ಬರೆದರೆ ಅಂಕ ಹೋಗುತ್ತದೆ ಅನ್ನುವ ಭಯ. ಆ ಭಯ ಹುಟ್ಟಿಸಿದವರು ನಾವು, ಮೇಷ್ಟ್ರುಗಳು. ಆ ವರ್ಷದಿಂದ ಈ ನಿಯಮ ಮಾಡಿಕೊಂಡೆ.

ಬರೆದಿಡುವುದಕ್ಕೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ನಮ್ಮ ಕೊಡಗಿನದೇ ಒಂದು ಕಥೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ.ಆರ್. ನಾರಾಯಣ ರಾವ್ ಅಂತ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಿದ್ದರು. ಪಶ್ಚಿಮ ಘಟ್ಟದ ಕಪ್ಪೆಗಳ ಮೇಲೆ ಕೆಲಸ ಮಾಡಿದವರು. 1920ರಲ್ಲಿ ಅವರು ಕೊಡಗಿನ ಒಂದು ಸಣ್ಣ ಕಪ್ಪೆಯನ್ನು ವಿವರಿಸಿ ಬರೆದರು. ಕೂರ್ಗ್ ನೈಟ್ ಫ್ರಾಗ್ ಅಂತ ಈಗ ಕರೆಯುತ್ತಾರೆ. ಆಮೇಲೆ ಆ ಕಪ್ಪೆ ಯಾರ ಕಣ್ಣಿಗೂ ಬೀಳಲಿಲ್ಲ. 91 ವರ್ಷ. 2011ರಲ್ಲಿ ಕಪ್ಪೆ ಸಂಶೋಧಕ ಎಸ್.ಡಿ. ಬಿಜು ಅವರ ತಂಡ ಅದು ಮತ್ತೆ ಸಿಕ್ಕಿದೆ ಅಂತ ಪ್ರಕಟಿಸಿತು. ನಾರಾಯಣ ರಾವ್ ಸಂಗ್ರಹಿಸಿಟ್ಟಿದ್ದ ಕಪ್ಪೆಗಳಲ್ಲಿ ಹಲವು ಕಾಲೇಜಿನಿಂದ ಕಳೆದುಹೋಗಿವೆ. ಬಾಟಲಿ ಹೋಯಿತು, ಬರಹ ಉಳಿಯಿತು. ಮೈಯ ಬಣ್ಣ ಹೇಗಿದೆ, ಬೆರಳ ತುದಿ ಹೇಗಿದೆ ಅಂತ ಅವರು ಕಂಡ ಹಾಗೆ ಬರೆದಿಟ್ಟಿದ್ದಕ್ಕೆ ಮುಂದಿನವರು ಹುಡುಕಲು ಹೊರಟರು. ಅವರ ಗೌರವಕ್ಕೆ ಮರಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ತೋಟಗಳಲ್ಲಿ ಮಳೆಗಾಲದ ರಾತ್ರಿ ಟಿಕ್ ಟಿಕ್ ಅನ್ನುವ ಪುಟ್ಟ ಕಪ್ಪೆಗಳಿವೆಯಲ್ಲ, ಅವುಗಳಲ್ಲಿ ಈ ಕುಲದವೂ ಇವೆ. ಇವತ್ತು ರಾತ್ರಿ ಮಲಗುವಾಗ ಕಿವಿಗೊಟ್ಟು ಕೇಳಿ.

ಕಪ್ಪೆ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಏನೋ ಅಂದರು. 'ಈಗ ಕಪ್ಪೆ ಕೊಯ್ಯೋದಿಲ್ವಾ ಮೇಡಂ' ಅಂತ. ಇಲ್ಲ. ನಾವು ಕೊಯ್ದಿದ್ದೆವು, ನೀವೂ ಕೊಯ್ದಿರಬೇಕು. ಈ ಮಕ್ಕಳು ಕೊಯ್ಯುವುದಿಲ್ಲ. ಸ್ಲೈಡ್, ಮಾಡೆಲ್, ಚಿತ್ರ ಸಾಕು. ಮನೆಯಿಂದಲೂ ಯಾರೂ ಕಪ್ಪೆ, ಚಿಟ್ಟೆ, ಹಾವಿನ ಮರಿ ಹಿಡಿದು ತರಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಇದೆ. ಯಾವುದು ಅದರ ಸಂರಕ್ಷಿತ ಪಟ್ಟಿಯಲ್ಲಿದೆ, ಯಾವುದು ಇಲ್ಲ ಅಂತ ನಿಮಗೆ ಗೊತ್ತಿರುವುದಿಲ್ಲ. ಆರ್ಕಿಡ್ ಕೂಡ ಮರದಿಂದ ಕೀಳಬೇಡಿ. ಗಿಡಗಳ ಎಣಿಕೆ ಪ್ರಯೋಗವನ್ನು ಕಾಲೇಜು ಮೈದಾನದ ಅಂಚಿನಲ್ಲಿ, ಇಲ್ಲವೇ ಒಪ್ಪಿಗೆ ಪಡೆದ ತೋಟದಲ್ಲಿ ಮಾಡೋಣ. ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಗೆ ಒಂದು ದಿನ ಕರೆದುಕೊಂಡು ಹೋಗುತ್ತೇನೆ. ಆದರೆ ಅಲ್ಲಿಂದ ಒಂದು ಎಲೆಯೂ ಬರುವುದಿಲ್ಲ. ಊರಿನ ಕಟ್ಟುಪಾಡು ಅದು, ನಮ್ಮ ತರಗತಿಗೂ ಅದೇ.

ಪಾಠ ಓದುವುದರ ಬಗ್ಗೆ ಒಂದು ಮಾತು. ಪ್ರತಿ ಅಧ್ಯಾಯಕ್ಕೆ ನೀವು ಮನೆಯಿಂದ, ಇಲ್ಲವೇ ತೋಟದಿಂದ, ಗದ್ದೆಯಿಂದ ಒಂದು ಪ್ರಶ್ನೆ ತರಬೇಕು. ಪುಸ್ತಕದ ಹಿಂದೆ ಇರುವ ಪ್ರಶ್ನೆ ಅಲ್ಲ, ನಿಮ್ಮದೇ ಪ್ರಶ್ನೆ.

ಒಂದು ಉದಾಹರಣೆ. ಮೊದಲನೇ ಅಧ್ಯಾಯದಲ್ಲಿ ಸೆಲ್ಫ್ ಇನ್‌ಕಂಪ್ಯಾಟಿಬಿಲಿಟಿ ಅನ್ನುವ ಪದ ಬರುತ್ತದೆ. ಒಂದು ಗಿಡ ತನ್ನದೇ ಪರಾಗವನ್ನು ಒಪ್ಪದೇ ಇರುವುದು. ಇದನ್ನು ಬಾಯಿಪಾಠ ಮಾಡಿ ಎರಡು ಅಂಕ ತೆಗೆಯಬಹುದು. ಆದರೆ ಇದು ನಿಮ್ಮ ಮನೆ ಹಿಂದೆಯೇ ಇದೆ. ರೋಬಸ್ಟಾ ಕಾಫಿ ಗಿಡ ಹೀಗೇ. ಬೇರೆ ಗಿಡದ ಪರಾಗ ಬಂದರೆ ಮಾತ್ರ ಕಾಯಿ ಕಚ್ಚುತ್ತದೆ. ಗಾಳಿ ತರಬೇಕು, ಜೇನುನೊಣ ತರಬೇಕು. ಅರೇಬಿಕಾ ಹಾಗಲ್ಲ, ತನ್ನ ಪರಾಗ ತನಗೆ ಸಾಕು. ರೋಬಸ್ಟಾದಲ್ಲಿ 22 ಕ್ರೋಮೋಸೋಮು, ಅರೇಬಿಕಾದಲ್ಲಿ 44. ಅರೇಬಿಕಾ ಹುಟ್ಟಿದ್ದೇ ರೋಬಸ್ಟಾ ಮತ್ತು ಇನ್ನೊಂದು ಕಾಡು ಕಾಫಿ ಬೆರೆತು. ಹಾಗಾಗಿ ಈ ಎರಡು ಗಿಡ ಗೊತ್ತಿದ್ದರೆ ಎರಡು ಅಧ್ಯಾಯದ ಅರ್ಧ ಕೆಲಸ ಆಯಿತು.

ಹಿಂದೆ ಒಬ್ಬ ಹುಡುಗ ಕೇಳಿದ್ದ. 'ಹೂಮಳೆ ಬರಲಿ ಅಂತ ಅಪ್ಪ ಕಾಯ್ತಾರೆ. ಬಂದು ಒಂಬತ್ತು ಹತ್ತು ದಿನಕ್ಕೆ ಹೂ ಬಿರಿಯುತ್ತೆ. ಬಿರಿದ ದಿನವೇ ಮತ್ತೆ ಮಳೆ ಬಂದರೆ ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ಯಾಕೆ ಮೇಡಂ?' ಒಂದು ಪೀರಿಯಡ್ ಪೂರ್ತಿ ಅದೇ ಪಾಠ ಆಯಿತು. ನೆಂದ ಪರಾಗ ಹಾರುವುದಿಲ್ಲ, ಜೇನು ಹೊರಡುವುದಿಲ್ಲ, ಹೂವಿನ ಆಯಸ್ಸೂ ಸಣ್ಣದು. ಇನ್ನೊಬ್ಬಳ ಮನೆ ಎಸ್ಟೇಟಿನ ಲೈನಿನಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ. ಅವಳ ಪ್ರಶ್ನೆ ಬೇರೆ. ಕೊಯ್ಲು ಮುಗಿದ ಮೇಲೂ ಅಮ್ಮನ ಕೈಲಿ ನೆಲಕ್ಕೆ ಬಿದ್ದ ಹಣ್ಣು ಯಾಕೆ ಹೆಕ್ಕಿಸುತ್ತಾರೆ ಅಂತ. ಕಾಯಿಕೊರಕ ಹುಳು ಆ ಉಳಿದ ಹಣ್ಣಿನೊಳಗೇ ಕೂತು ಮುಂದಿನ ಬೆಳೆಗೆ ಕಾಯುತ್ತದೆ. ಬೆರ್ರಿ ಬೋರರ್ ಅಂತ ಕರೆಯುವ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಆಮೇಲೆ ಕೊಡಗಿಗೂ ಬಂತು. ಅವಳ ಅಮ್ಮ ಬಗ್ಗಿ ಹೆಕ್ಕುವ ಒಂದೊಂದು ಹಣ್ಣಿನ ಹಿಂದೆ ಒಂದು ಕೀಟದ ಇಡೀ ಜೀವನಚಕ್ರ ಇದೆ. ತೋಟದ ಯಜಮಾನರ ಮಗ, ತೋಟದಲ್ಲಿ ಕೆಲಸ ಮಾಡುವವರ ಮಗಳು, ಇಬ್ಬರೂ ತಂದ ಪ್ರಶ್ನೆ ನಮ್ಮ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತದೆ.

ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ಸರಿ. ಕನ್ನಡ ಮಾಧ್ಯಮದಿಂದ ಬಂದವರು ಇದ್ದೀರಿ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ ಆಡುವವರು ಇದ್ದೀರಿ. ಇಂಗ್ಲಿಷ್ ಪದ ಬಾಯಿಗೆ ಬರಲಿಲ್ಲ ಅಂತ ಪ್ರಶ್ನೆ ನುಂಗಿಕೊಳ್ಳಬೇಡಿ. ನನಗೆ ಅರ್ಥವಾಗದಿದ್ದರೆ ಪಕ್ಕದವರು ಹೇಳುತ್ತಾರೆ. ಪರೀಕ್ಷೆಗೆ ಬೇಕಾದ ಪದಗಳನ್ನು ಪ್ರತಿ ವಾರ ಹತ್ತು ಹತ್ತು ಕಲಿಯೋಣ.

ಹಾಜರಾತಿಗೆ ಬರುತ್ತೇನೆ. ಇಲ್ಲಿನ ಮಳೆಗಾಲ ನನಗೂ ಗೊತ್ತು. ಒಂದೇ ಬಸ್ಸು ಇರುವ ಊರುಗಳಿಂದ ನೀವು ಬರುತ್ತೀರಿ. ಮರ ಬಿದ್ದು ಬಸ್ಸು ನಿಂತರೆ ತಡವಾಗಿ ಬನ್ನಿ, ಬಾಗಿಲಲ್ಲಿ ನಿಂತು ವಿವರಣೆ ಕೊಡಬೇಕಿಲ್ಲ. ಸದ್ದಿಲ್ಲದೆ ಬಂದು ಕೂತುಕೊಳ್ಳಿ. ದಾರಿಯಲ್ಲಿ ಆನೆ ಇದೆ ಅಂತ ಗೊತ್ತಾದ ದಿನ ಹೊರಡಲೇಬೇಡಿ. ಸಿದ್ದಾಪುರ, ಮಾಲ್ದಾರೆ ಕಡೆಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊರೆ ತುಂಬಿ ಹರಿಯುವಾಗ ಸೇತುವೆ ದಾಟುವ ಸಾಹಸವೂ ಬೇಡ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ನೋಡಿದವರು ನಾವು. ಯಾವ ಪಾಠವೂ ಅಷ್ಟು ದೊಡ್ಡದಲ್ಲ. ತಪ್ಪಿದ ಪ್ರಯೋಗವನ್ನು ಶನಿವಾರ ಮಧ್ಯಾಹ್ನ ಮತ್ತೆ ಮಾಡಿಸುತ್ತೇನೆ. ಮಳೆ ರಜೆ ಘೋಷಣೆ ಆದರೆ ಅವತ್ತಿನ ಟೆಸ್ಟ್ ಕಾಲೇಜು ತೆರೆದ ದಿನ ಅಲ್ಲ, ಅದರ ಮರುದಿನ. ಕರೆಂಟ್ ಇಲ್ಲದೆ ಮೂರು ದಿನ ಕಳೆದವರಿಗೆ ಓದಲು ಒಂದು ರಾತ್ರಿ ಬೇಕು.

ಆದರೆ ಒಂದು ಮಾತು. ಈ ಕಾರಣಗಳನ್ನು ನಿಜವಾದ ದಿನಕ್ಕೆ ಉಳಿಸಿಕೊಳ್ಳಿ. ಬಿಸಿಲಿದ್ದ ದಿನ ಮಳೆಯ ಹೆಸರು ಹೇಳಬೇಡಿ. ನಾನು ಹೇಳಿದೆನಲ್ಲ, ಈ ಊರಿನಲ್ಲಿ ಮಳೆಯ ಲೆಕ್ಕ ಮನೆಮನೆಯಲ್ಲೂ ಇದೆ.

ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳ ಸಮಯದಲ್ಲಿ ನಾನು ರೆಕಾರ್ಡ್ ಕೇಳುವುದಿಲ್ಲ. ಕಾಫಿ ಕೊಯ್ಲಿನ ವಿಷಯ ಸ್ವಲ್ಪ ಕಷ್ಟದ್ದು. ಅರೇಬಿಕಾ ನವೆಂಬರಿಗೆ ಶುರು, ರೋಬಸ್ಟಾ ಆಮೇಲೆ. ನಿಮ್ಮ ಪರೀಕ್ಷೆಯ ತಯಾರಿಯೂ ಅದೇ ಹೊತ್ತಿಗೆ. ಕೆಲವು ಮನೆಗಳಲ್ಲಿ ಮಕ್ಕಳ ಎರಡು ಕೈ ಬೇಕಾಗುತ್ತದೆ, ನನಗೆ ಅರ್ಥವಾಗುತ್ತದೆ. ಪೋಷಕರಲ್ಲಿ ಒಂದು ಕೇಳಿಕೆ. ದಯವಿಟ್ಟು ತರಗತಿ ದಿನ ಬಿಟ್ಟು ಭಾನುವಾರ ಸೇರಿಸಿಕೊಳ್ಳಿ. ಅದೂ ಆಗದಿದ್ದರೆ ಬಂದು ಹೇಳಿ. ಮಗು ಜ್ವರ ಅಂತ ಸುಳ್ಳು ಚೀಟಿ ತರುವ ಹಾಗೆ ಮಾಡಬೇಡಿ. ಮೊದಲೇ ಗೊತ್ತಾದರೆ ಕೆಲಸ ಮುಂಚೆಯೇ ಕೊಡುತ್ತೇನೆ.

ರೆಕಾರ್ಡ್ ತಡವಾದರೆ ಏನು? ತಡವಾಗಿಯೇ ಕೊಡಿ. ಮುಂದಿನ ಪ್ರಯೋಗದ ದಿನದವರೆಗೆ ತೆಗೆದುಕೊಳ್ಳುತ್ತೇನೆ, ಅಂಕ ಕಡಿಮೆ ಮಾಡುವುದಿಲ್ಲ. ಅದಕ್ಕೂ ದಾಟಿದರೆ ಸಂಜೆ ನನ್ನ ಎದುರಿಗೆ ಕೂತು ಮುಗಿಸಬೇಕು. ಹಿಂದಿನ ದಿನಾಂಕ ಹಾಕುವುದು ಮಾತ್ರ ಬೇಡ. ಜುಲೈ 10ಕ್ಕೆ ಮಾಡಿದ್ದಕ್ಕೆ ಜುಲೈ 3 ಅಂತ ಬರೆಯುವುದು ಸಣ್ಣ ಸುಳ್ಳು ಅಂತ ನಿಮಗೆ ಅನ್ನಿಸಬಹುದು. ನನಗೆ ಅದು ಸಣ್ಣದಲ್ಲ.

ಶನಿವಾರ ಮೊದಲ ಪೀರಿಯಡ್ 20 ಅಂಕದ ಟೆಸ್ಟ್. ಅಂಕಗಳನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದುವುದಿಲ್ಲ, ಗೋಡೆಗೆ ಅಂಟಿಸುವುದೂ ಇಲ್ಲ. ಕಡಿಮೆ ಬಂದವರು ಮುಂದಿನ ವಾರ ಅದೇ ಪಾಠಕ್ಕೆ ಇನ್ನೊಮ್ಮೆ ಬರೆಯಬಹುದು, ಎರಡರಲ್ಲಿ ಹೆಚ್ಚಿನದು ಲೆಕ್ಕಕ್ಕೆ. ನಕಲು ಮಾಡಿದ್ದು ಕಂಡರೆ ಆ ಟೆಸ್ಟಿಗೆ ಸೊನ್ನೆ. ಮನೆಗೆ ಫೋನ್ ಮಾಡುವ ಮೊದಲು ನಿಮ್ಮ ಹತ್ತಿರ ಮಾತಾಡುತ್ತೇನೆ.

ನೀಟ್ ಬಗ್ಗೆ ಕೇಳಿದ್ದೀರಿ. ನೀಟ್‌ನಲ್ಲಿ 720 ಅಂಕ, ಅದರಲ್ಲಿ 360 ಜೀವಶಾಸ್ತ್ರದ್ದೇ. 90 ಪ್ರಶ್ನೆ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಡಿತ, ಬಿಟ್ಟರೆ ಸೊನ್ನೆ. ಇಲ್ಲಿ ಏನಾಗುತ್ತದೆ ನೋಡಿ. ಗೊತ್ತಿಲ್ಲ ಅಂತ ಬಿಟ್ಟವರಿಗೆ ನಷ್ಟ ಇಲ್ಲ. ಗೊತ್ತಿದ್ದ ಹಾಗೆ ಮಾಡಿದವರಿಗೆ ನಷ್ಟ. ಹಾಗಾಗಿ ನಮ್ಮ ಟೆಸ್ಟ್ ಪತ್ರಿಕೆಯಲ್ಲಿ ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಬೇಕು: ಖಂಡಿತ ಗೊತ್ತು, ಅನುಮಾನ, ಊಹೆ. ಮೂರು ತಿಂಗಳು ಹೀಗೆ ಮಾಡಿದರೆ ಯಾವುದು ನಿಮಗೆ ಗೊತ್ತು, ಯಾವುದು ಗೊತ್ತು ಅಂದುಕೊಂಡಿದ್ದೀರಿ ಅಂತ ನಿಮಗೇ ಕಾಣುತ್ತದೆ. ಮಂಗಳೂರಿಗೋ ಮೈಸೂರಿಗೋ ಕೋಚಿಂಗಿಗೆ ಕಳಿಸಲು ಆಗಲಿಲ್ಲ ಅಂತ ಕೆಲವು ಪೋಷಕರು ಬೇಸರ ಮಾಡಿಕೊಳ್ಳುತ್ತೀರಿ. ಜೀವಶಾಸ್ತ್ರದ ಮಟ್ಟಿಗೆ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಬಿಡದೆ ಓದಿದ ಮಗು ಹಿಂದೆ ಬೀಳುವುದಿಲ್ಲ. ಮತ್ತೆ, ಡಾಕ್ಟರ್ ಒಂದೇ ದಾರಿ ಅಲ್ಲ. ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜಿದೆ, ಸಿಇಟಿ ಬರೆದು ಸೇರಬಹುದು. ಕೃಷಿ, ತೋಟಗಾರಿಕೆ, ಪಶುವೈದ್ಯ ಎಲ್ಲಕ್ಕೂ ಈ ವಿಷಯ ಬೇಕು.

ಫೋನ್ ಕಾಲೇಜಿಗೆ ತರುವ ಹಾಗಿಲ್ಲ. ಮನೆಯಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವವರು ಇದ್ದೀರಿ, ಅದಕ್ಕೆ ವಾಟ್ಸಾಪಿನಲ್ಲಿ ಮಾತ್ರ ಹೇಳುವ ಸೂಚನೆ ಅಂತ ಯಾವುದೂ ಇರುವುದಿಲ್ಲ. ಎಲ್ಲವೂ ನೋಟಿಸ್ ಬೋರ್ಡಿನಲ್ಲಿ. ಚಾಟ್‌ಜಿಪಿಟಿ ಥರದ್ದು ಬಳಸಬಹುದಾ ಅಂದರೆ, ಅರ್ಥವಾಗದ ಪಾಠ ಕೇಳಿ ತಿಳಿಯಲು ಬಳಸಿ, ಹೇಳಿದ್ದನ್ನು ಪುಸ್ತಕದ ಜೊತೆ ಹೋಲಿಸಿ ನೋಡಿ. ವೀಕ್ಷಣೆ ಬರೆಸಲು ಬಳಸಬೇಡಿ. ಅದು ನಿಮ್ಮ ಸ್ಲೈಡ್ ನೋಡಿಲ್ಲ.

ಲ್ಯಾಬಿಗೆ ಏಪ್ರನ್ ಬೇಕು, ಕೂದಲು ಕಟ್ಟಿರಬೇಕು, ತಿನ್ನುವ ಹಾಗಿಲ್ಲ. ಕೊಡೆ ಹೊರಗೆ. ಜಿಗಣೆ ಕಚ್ಚಿದ್ದರೆ ಬಾಗಿಲಲ್ಲೇ ನೋಡಿಕೊಂಡು ಒಳಗೆ ಬನ್ನಿ.

ಇನ್ನು ಎರಡು ವಿಷಯ ಪೋಷಕರ ಎದುರಿಗೇ ಹೇಳಬೇಕು ಅಂತ ಉಳಿಸಿಕೊಂಡಿದ್ದೇನೆ.

ಒಂದು, ಮಾನವ ಸಂತಾನೋತ್ಪತ್ತಿ ಮತ್ತು ಪ್ರಜನನ ಆರೋಗ್ಯ. ಎರಡು ಪೂರ್ಣ ಅಧ್ಯಾಯ. ನಾನು ಓದುವಾಗ ಈ ಪಾಠ ಬಂದ ದಿನ ನಮ್ಮ ಮೇಷ್ಟ್ರು ಪುಸ್ತಕ ಮುಚ್ಚಿ, 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಅಂದರು. ಮನೆಯಲ್ಲಿ ಯಾರನ್ನು ಕೇಳುವುದು? ನನ್ನ ಗೆಳತಿಯೊಬ್ಬಳು ತಿಂಗಳ ಹೊಟ್ಟೆನೋವನ್ನು ವರ್ಷಗಟ್ಟಲೆ ತಡೆದುಕೊಂಡಳು. ಅದು ಎಲ್ಲರಿಗೂ ಇರುವುದೇ ಅಂದುಕೊಂಡಿದ್ದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತುಂಬ ತಡವಾಗಿತ್ತು, ಆಪರೇಷನ್ ಆಯಿತು. ಆ ಪಾಠವನ್ನು ಯಾರಾದರೂ ಬಾಯಿಬಿಟ್ಟು ಓದಿಸಿದ್ದರೆ ಅವಳು ಮೊದಲೇ ಬಾಯಿಬಿಡುತ್ತಿದ್ದಳು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ನಮ್ಮ ತರಗತಿಯಲ್ಲಿ ಈ ಪಾಠ ಬಿಡುವುದಿಲ್ಲ. ಹುಡುಗರು ಹುಡುಗಿಯರು ಒಟ್ಟಿಗೆ ಕೂತು ಕೇಳುತ್ತೀರಿ. ಅಂಗಗಳಿಗೆ ಪುಸ್ತಕದಲ್ಲಿರುವ ಹೆಸರನ್ನೇ ಹೇಳುತ್ತೇವೆ. ಮೊದಲ ದಿನ ನಗು ಬರುತ್ತದೆ, ಬರಲಿ, ಅದು ಸಹಜ. ಆದರೆ ಒಬ್ಬರನ್ನು ನೋಡಿ ನಗುವುದು, ಹೆಸರಿಟ್ಟು ಕರೆಯುವುದು, ಆ ಪಾಠದ ಮಾತನ್ನು ಕಾರಿಡಾರಿನಲ್ಲಿ ಇನ್ನೊಬ್ಬರ ಮೇಲೆ ಎಸೆಯುವುದು ನಡೆಯುವುದಿಲ್ಲ. ಇಡೀ ವರ್ಷದಲ್ಲಿ ನಾನು ನಿಜವಾಗಿ ಸಿಟ್ಟಾಗುವ ವಿಷಯ ಇದೊಂದೇ. ಕೇಳಲು ನಾಚಿಕೆ ಆಗುವವರಿಗೆ ಒಂದು ಡಬ್ಬಿ ಇಡುತ್ತೇನೆ. ಹೆಸರು ಬರೆಯದೆ ಚೀಟಿ ಹಾಕಿ. ಪ್ರತಿ ಚೀಟಿಗೂ ಉತ್ತರ ಸಿಗುತ್ತದೆ. ಪೋಷಕರೇ, ಮಗು ಮನೆಗೆ ಬಂದು ಏನಾದರೂ ಕೇಳಿದರೆ ಗದರಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ನನ್ನ ಹತ್ತಿರ ಕಳಿಸಿ.

ಎರಡನೆಯದು, ವಂಶವೃಕ್ಷ. ಅನುವಂಶೀಯತೆಯ ಅಧ್ಯಾಯದಲ್ಲಿ ಪೆಡಿಗ್ರಿ ಚಾರ್ಟ್ ಬರೆಯುವುದಿದೆ. ನಿಮ್ಮ ಮನೆಯವರದ್ದೇ ಬರೆದು ತನ್ನಿ ಅಂತ ಹಿಂದೆ ನಾನೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಮನೆಯ ಕಾಯಿಲೆ, ದತ್ತು, ಬೇರೆಯಾದ ತಂದೆತಾಯಿ, ಇವೆಲ್ಲ ಆ ಚೌಕ ವೃತ್ತಗಳಲ್ಲಿ ಹೊರಬೀಳುತ್ತವೆ. ಅದು ತರಗತಿಗೆ ಬೇಕಾದ ಮಾಹಿತಿ ಅಲ್ಲ. ಕುಟುಂಬದ ವಿವರ ನಾನೇ ಕಟ್ಟಿ ಕೊಡುತ್ತೇನೆ, ಎಲ್ಲರೂ ಅದನ್ನೇ ಬರೆಯುತ್ತೀರಿ. ಸಿಕಲ್ ಸೆಲ್ ಅನೀಮಿಯಾ ಪಾಠಕ್ಕೂ ಇದೇ ನಿಯಮ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ ಆರನೇ ಜಾಗದ ಒಂದು ಅಮೈನೋ ಆಮ್ಲ ಬದಲಾಗುತ್ತದೆ, ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಬರುತ್ತದೆ. ಅಷ್ಟಕ್ಕೇ ರಕ್ತಕಣದ ಆಕಾರ ಬದಲಾಗುತ್ತದೆ. ಈ ಕಾಯಿಲೆಯನ್ನು 2047ರೊಳಗೆ ಇಲ್ಲವಾಗಿಸುವ ಗುರಿಯ ರಾಷ್ಟ್ರೀಯ ಯೋಜನೆ 2023ರಲ್ಲಿ ಶುರುವಾಯಿತು, ಕರ್ನಾಟಕವೂ ಅದರಲ್ಲಿದೆ. ಬುಡಕಟ್ಟು ಹಾಡಿಗಳಲ್ಲಿ ರಕ್ತ ತಪಾಸಣೆ ಮುಖ್ಯ ಅನ್ನುವುದನ್ನು ಪಾಠದಲ್ಲಿ ಹೇಳುತ್ತೇನೆ. ಆದರೆ ಹಾಡಿಯಿಂದ ಬಂದ ನಮ್ಮ ಮಕ್ಕಳ ಕಡೆ ಆವತ್ತು ಒಂದು ತಲೆಯೂ ತಿರುಗಬಾರದು. ಯಾರ ರಕ್ತದಲ್ಲಿ ಏನಿದೆ ಅನ್ನುವುದು ಅವರದು, ಅವರ ಡಾಕ್ಟರದು.

ಸರಿ, ಮೊದಲ ಕೆಲಸ ಹೇಳಿಬಿಡುತ್ತೇನೆ. ಇವತ್ತು ಗುರುವಾರ. ಮನೆಗೆ ಹೋಗಿ ಒಂದು ಸಣ್ಣ ಈರುಳ್ಳಿ ತೆಗೆದುಕೊಳ್ಳಿ. ಅಡಿಯ ಒಣ ಬೇರನ್ನು ಕೆರೆದು ತೆಗೆಯಿರಿ, ತಳ ಕತ್ತರಿಸಬೇಡಿ. ಲೋಟದಲ್ಲಿ ನೀರು ತುಂಬಿ, ಅಡಿ ಮಾತ್ರ ನೀರಿಗೆ ತಾಗುವ ಹಾಗೆ ಬಾಯಿಯ ಮೇಲೆ ಕೂರಿಸಿ. ನೀರು ದಿನಾ ಬದಲಿಸಿ. ಕಚ್ಚಾ ಪುಸ್ತಕದ ಮೊದಲ ಪುಟದಲ್ಲಿ ದಿನಾಂಕ ಹಾಕಿ, ಪ್ರತಿ ಬೆಳಿಗ್ಗೆ ಎಷ್ಟು ಬೇರು ಬಂದಿದೆ, ಎಷ್ಟು ಉದ್ದ ಇದೆ ಅಂತ ಬರೆಯಿರಿ. ಮಂಗಳವಾರ ಲೋಟ ಸಮೇತ ತನ್ನಿ. ಬೆಳಿಗ್ಗೆಯ ಹೊತ್ತು ಜೀವಕೋಶ ಒಡೆಯುವುದು ಚೆನ್ನಾಗಿ ಸಿಗುತ್ತದೆ, ಹಾಗಾಗಿ ಬಂದ ಕೂಡಲೇ ತುದಿ ಕತ್ತರಿಸಿ ಅಸಿಟಿಕ್ ಆಮ್ಲ ಮತ್ತು ಆಲ್ಕೋಹಾಲ್ ಬೆರೆಸಿದ್ದಕ್ಕೆ ಹಾಕೋಣ. ಈರುಳ್ಳಿಯಲ್ಲಿ 16 ಕ್ರೋಮೋಸೋಮು. ಎಷ್ಟು ಎಣಿಸಲು ಆಗುತ್ತದೆ ನೋಡೋಣ. ಬೇರು ಬಾರದಿದ್ದರೆ ಪಕ್ಕದ ಮನೆಯಿಂದ ಬೇರೆ ಈರುಳ್ಳಿ ತರಬೇಡಿ. ಅದನ್ನೇ ತನ್ನಿ, ಪುಸ್ತಕದ ಜೊತೆ.